ಒಂದೇ ಹಡಗು, ಹಲವು ಪಯಣಗಳು: ಈವಾ ಹಾಫ್‌ಮನ್ ಆತ್ಮಕಥನದ ಒಂದು ಓದು

ವಲಸೆಯ ಆತ್ಮಕಥನಗಳನ್ನು ಹೊರಟ ಊರಿನಿಂದ ತಲುಪಿದ ಊರಿಗೆ ಎಳೆದ ಒಂದು ಗೆರೆಯಂತೆ ಓದುವ ರೂಢಿಯಿದೆ. ಇಂಥ ಓದಿನಲ್ಲಿ ಕಥನಕಾರರು ಹೊಸ ನೆಲದಲ್ಲಿ ಕಂಡುಕೊಂಡ ನೆಲೆಯೇ ಇಡೀ ಕುಟುಂಬದ ನೆಲೆಯಾಗಿಬಿಡುತ್ತದೆ. ಈ ಗ್ರಹಿಕೆಯ ಮಿತಿಯನ್ನು ಈವಾ ಹಾಫ್‌ಮನ್ ಅವರ ‘ಲಾಸ್ಟ್ ಇನ್ ಟ್ರಾನ್ಸ್‌ಲೇಶನ್’ (1989) ಕೃತಿಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಾಫ್‌ಮನ್ 1945ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದವರು. 1959ರ ಏಪ್ರಿಲ್‌ನಲ್ಲಿ ತಂದೆ, ತಾಯಿ ಹಾಗೂ ಇಬ್ಬರು ಹೆಣ್ಣುಮಕ್ಕಳ ಈ ಕುಟುಂಬ ಗ್ದಿನಿಯಾ ಬಂದರಿನಲ್ಲಿ ‘ಬಾತೊರಿ’ ಹಡಗನ್ನೇರಿತು. ಮಾಂಟ್ರಿಯಲ್‌ನಲ್ಲಿಳಿದು, ರೈಲಿನಲ್ಲಿ ಕೆನಡಾವನ್ನು ದಾಟಿ ವ್ಯಾಂಕೂವರ್ ಸೇರಿತು. ಆಗ ಹಿರಿಯ ಮಗಳಿಗೆ 13 ವರ್ಷ. ಭೌತಿಕ ಪಯಣದ ಸಾರ ಇಷ್ಟೇ.

ಆದರೆ ಕೃತಿಯ ಬಂಧ ಈ ಅನುಕ್ರಮವನ್ನು ಒಪ್ಪುವುದಿಲ್ಲ. ಸ್ವರ್ಗ, ಗಡಿಪಾರು, ಹೊಸ ಜಗತ್ತು ಎಂಬ ಅರ್ಥದ ಹೆಸರುಗಳುಳ್ಳ ಮೂರು ಭಾಗಗಳು ಇದರಲ್ಲಿವೆ. ‘ಸ್ವರ್ಗ’ದ ಭಾಗ ಆರಂಭವಾಗುವುದು ಕ್ರಾಕೋವ್‌ನಲ್ಲಲ್ಲ, ದಡ ಬಿಡುತ್ತಿರುವ ಹಡಗಿನ ಕಟಕಟೆಯ ಬಳಿ ಎಂಬುದು ಗಮನಾರ್ಹ. ಕಳೆದುಕೊಳ್ಳುವ ಗಳಿಗೆಯಲ್ಲಿಯೇ ತವರು ಸ್ವರ್ಗವಾಗಿ ರೂಪುಗೊಳ್ಳುತ್ತದೆ. ಹೀಗಾಗಿ ಇಲ್ಲಿ ‘ಮೂಲ’ವೆಂಬುದು ಪಯಣದ ಆರಂಭಬಿಂದುವಲ್ಲ, ಪಯಣವೇ ನಿರ್ಮಿಸಿದ ಸ್ಮೃತಿ.

ಹೆತ್ತವರ ಪಯಣವಾದರೋ ಹಡಗಿಗಿಂತ ಬಹಳ ಹಿಂದಿನದು. ನಾಜಿ ಹತ್ಯಾಕಾಂಡದ ದಿನಗಳಲ್ಲಿ ಅಡಗಿ ಬದುಕುಳಿದ ಅವರ ಜೊತೆಯಲ್ಲಿ ಕೆನಡಾದ ಕಾಡುಗಳನ್ನು ಕುರಿತ ಪುಸ್ತಕವೊಂದಿತ್ತು. ಆ ದೇಶವನ್ನು ಅವರು ಮೊದಲು ತಲುಪಿದ್ದು ಓದಿನಲ್ಲಿ. ಒಳಪಯಣವು ಹೊರಪಯಣದ ಪರಿಣಾಮವೆಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ತಿರುವುಮುರುವಾಗುತ್ತದೆ.

ಮಗಳ ಒಳಪಯಣ ನಡೆಯುವುದು ಭಾಷೆಯಲ್ಲಿ. ವ್ಯಾಂಕೂವರ್‌ನ ಶಾಲೆಯ ಮೊದಲ ದಿನವೇ ‘ಎವಾ’ ‘ಈವಾ’ ಆಗುತ್ತಾಳೆ. ತಂಗಿಯ ಹೆಸರೂ ಬದಲಾಗುತ್ತದೆ. ನದಿ ಎಂಬುದರ ಪೋಲಿಷ್ ಪದದಲ್ಲಿ ಹರಿಯುವ ನೀರಿದೆ. ಇಂಗ್ಲಿಷ್ ಪದದಲ್ಲಿ ಬರಿಯ ಅರ್ಥವಿದೆ. ಉಡುಗೊರೆಯಾಗಿ ಬಂದ ದಿನಚರಿಯನ್ನು ಅವಳು ಇಂಗ್ಲಿಷಿನಲ್ಲಿ ಬರೆಯತೊಡಗಿದರೂ, ಅಲ್ಲಿ ‘ನಾನು’ ಎಂದು ಬರೆಯಲಾಗದೆ ತನ್ನನ್ನು ‘ನೀನು’ ಎಂದೇ ಸಂಬೋಧಿಸಿಕೊಳ್ಳುತ್ತಾಳೆ. ಉತ್ತಮಪುರುಷವೇ ಆತ್ಮಕಥನದ ಆಧಾರವೆನ್ನುವುದಾದರೆ, ಆ ಸರ್ವನಾಮವನ್ನು ಮರಳಿ ಪಡೆಯುವ ಪ್ರಯತ್ನವೇ ಈ ಕೃತಿ. ಕೊನೆಯಲ್ಲಿ ಅಮೆರಿಕದ ಕೇಂಬ್ರಿಜ್‌ನ ಕೈತೋಟವೊಂದರಲ್ಲಿ ಹೂಗಳ ಇಂಗ್ಲಿಷ್ ಹೆಸರುಗಳು ಅನ್ಯವೆನಿಸದೆ ನಿಲ್ಲುವಾಗ ಈ ಪ್ರಯತ್ನಕ್ಕೆ ಒಂದು ನೆಲೆ ದೊರೆಯುತ್ತದೆ.

ಈ ನೆಲೆಯ ಬೆಲೆಯನ್ನೂ ಕೃತಿ ಮರೆಮಾಚುವುದಿಲ್ಲ. ಮಗಳು ಭಾವನೆಗಳನ್ನು ಬಿಗಿಹಿಡಿಯಲು ಕಲಿತಂತೆಲ್ಲ, ಅವಳು ‘ಇಂಗ್ಲಿಷ್’ ಆಗುತ್ತಿದ್ದಾಳೆಂದು ತಾಯಿ ನೊಂದು ನುಡಿಯುತ್ತಾಳೆ. ಆ ಮಾತಿನ ಅರ್ಥ ತನ್ನ ಮನಸ್ಸು ತಣ್ಣಗಾಗುತ್ತಿದೆ ಎಂಬುದೇ ಎಂದು ಮಗಳು ಬಲ್ಲಳು. ಹೊಸ ಭಾಷೆ ಹತ್ತಿರವಾದಷ್ಟೂ ತಾಯಿಯೊಡನೆ ಅಂತರ ಹೆಚ್ಚುತ್ತದೆ. ಇದಕ್ಕಿಂತ ಮುಖ್ಯವಾದುದೆಂದರೆ, ತಾಯಿಯ ನೋವು ನಮಗೆ ದೊರೆಯುವುದು ಅದಕ್ಕೆ ಕಾರಣವಾದ ಭಾಷೆಯಲ್ಲಿಯೇ. ಮಗಳ ಬರವಣಿಗೆ ತಾಯಿಯನ್ನು ಉಳಿಸುತ್ತದೆ. ಜೊತೆಗೆ ಅವಳ ದನಿಯನ್ನು ಅನುವಾದಿಸಿಯೂ ಬಿಡುತ್ತದೆ.

ಆದ್ದರಿಂದ ಒಂದೇ ಹಡಗಿನಲ್ಲಿ ಬಂದ ಕುಟುಂಬಕ್ಕೆ ಒಂದೇ ಆಗಮನವಿರುವುದಿಲ್ಲ. ಬರೆಯಬಲ್ಲ ಸದಸ್ಯರ ಪಯಣ ಮುಗಿದಂತೆ ಕಾಣುತ್ತದೆ. ಬರೆಯದವರದು ಅವರ ಕಥನದ ಅಂಚಿನಲ್ಲಿ ಮುಂದುವರಿಯುತ್ತಿರುತ್ತದೆ. ಕನ್ನಡದ ವಲಸೆ ಕಥನಗಳನ್ನು ಅಧ್ಯಯನಕ್ಕೆ ಒಳಪಡಿಸುವಾಗಲೂ ಯಾರು ಎಲ್ಲಿಗೆ ತಲುಪಿದರು ಎಂಬುದರ ಜೊತೆಗೆ, ಕುಟುಂಬದ ಪಯಣವನ್ನು ಯಾರು, ಯಾವ ಭಾಷೆಯಲ್ಲಿ, ಯಾರ ಪರವಾಗಿ ಬರೆದರು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಗತ್ಯ.