ಜಪಾನಿಗೆ ಹೊರಟವರಿಗೆ ನಾಲ್ಕು ಮಾತು

ಮಗಳ ಮನೆಗೆಂದು ಮೊದಲ ಸಲ ಟೋಕಿಯೊಗೆ ಹೊರಟಿದ್ದೀರಿ, ದಂಪತಿ ಇಬ್ಬರೂ ಸಸ್ಯಾಹಾರಿಗಳು, ಭಾಷೆಯದೇ ಚಿಂತೆ ಎಂದು ಬರೆದಿದ್ದೀರಿ. ಇಡೀ ಪುಸ್ತಕ ಉರು ಹೊಡೆಯುವುದು ಬೇಡ. ಮೊದಲು ‘ಸುಮಿಮಾಸೆನ್’ ಕಲಿಯಿರಿ. ಹೋಟೆಲಿನಲ್ಲಿ ಸಪ್ಲೈಯರನ್ನು ಕರೆಯಲು, ತುಂಬಿದ ರೈಲಿನಲ್ಲಿ ದಾರಿ ಬಿಡಿಸಿಕೊಳ್ಳಲು, ಯಾರಿಗಾದರೂ ಕಾಲು ತಗುಲಿದರೆ ಕ್ಷಮೆ ಕೇಳಲು ಅದೊಂದೇ ಸಾಕು. ಧನ್ಯವಾದಕ್ಕೆ ‘ಅರಿಗಾತೋ ಗೊಜಾಯ್‌ಮಾಸ್’. ಶೌಚಾಲಯ ಎಲ್ಲಿದೆ ಎನ್ನಲು ‘ತೋಯ್‌ರೆ ವಾ ದೊಕೊ ದೆಸ್ ಕಾ’.

ಊಟದ ವಿಷಯದಲ್ಲಿ ಮಾತ್ರ ತುಂಬ ಎಚ್ಚರ ಬೇಕು. ‘ನಿಕು’ ಅಂದರೆ ಮಾಂಸ, ‘ಸಕಾನ’ ಅಂದರೆ ಮೀನು. ಇವೆರಡೂ ಬೇಡ ಎಂದರೂ ಮೀನು ತಟ್ಟೆಗೆ ಬಂದೇ ಬರಬಹುದು. ಮಿಸೊ ಸೂಪು, ಉದೊನ್, ಸೋಬಾಗಳ ರಸಕ್ಕೆ ‘ದಾಶಿ’ಯೇ ಆಧಾರ. ಸಾಮಾನ್ಯವಾಗಿ ಒಣಗಿಸಿದ ‘ಕತ್ಸುಒ’ ಮೀನನ್ನು ಹಾಳೆಯಷ್ಟು ತೆಳ್ಳಗೆ ಹೆರೆದು, ಬಿಸಿನೀರಿಗೆ ಹಾಕಿ ಸೋಸಿದ ತಿಳಿ ಅದು. ಚೂರೂ ಕಣ್ಣಿಗೆ ಬೀಳದ್ದರಿಂದ ಬಡಿಸುವವರಿಗೂ ಹೊಳೆಯದೆ ಹೋಗಬಹುದು. ಆದ್ದರಿಂದ ‘ನಿಕು, ಸಕಾನ, ಕತ್ಸುಒ ದಾಶಿ ವಾ ತಬೆರಾರೆಮಾಸೆನ್’, ಅಂದರೆ ಇವನ್ನು ತಿನ್ನುವಂತಿಲ್ಲ ಎಂಬುದನ್ನು ಮಗಳಿಂದ ಜಪಾನಿ ಲಿಪಿಯಲ್ಲೇ ಚೀಟಿಗೆ ಬರೆಸಿ ಪರ್ಸಿನಲ್ಲಿಟ್ಟುಕೊಳ್ಳಿ. ಬಾಯಿಮಾತಿಗಿಂತ ಚೀಟಿಯನ್ನೇ ನಾನು ನಂಬುತ್ತೇನೆ. ‘ಕೊಂಬು’ ಕಡಲಪಾಚಿ, ಬರೀ ಅದರಿಂದ ಮಾಡಿದ ದಾಶಿ ನಿಮಗೆ ಆಗುತ್ತದೆ. ಬೌದ್ಧ ದೇಗುಲಗಳ ‘ಶೋಜಿನ್ ರ್ಯೋರಿ’ ಊಟದಲ್ಲಿ ಮೀನು, ಮಾಂಸ ಎರಡೂ ಇರುವುದಿಲ್ಲ. ಒಮ್ಮೆಯಾದರೂ ಉಣ್ಣಿ.

ಆಪತ್ತಿನಲ್ಲಿ ಕೂಗಬೇಕಾದ್ದು ‘ತಸ್ಕೆತೆ’, ಕಾಪಾಡಿ ಎಂದು. ಆಂಬುಲೆನ್ಸಿಗೆ 119, ಪೊಲೀಸರಿಗೆ 110. ಮಗಳ ವಿಳಾಸವನ್ನೂ ಅದೇ ಚೀಟಿಯ ಹಿಂಬದಿಗೆ ಬರೆಸಿಕೊಳ್ಳಿ.