ಪದವಿ ಪತ್ರ ಹೇಳದ ಮಾತು: ನಿಮ್ಮ ಕೌಶಲ ಗುರುತಿಸಿ, ಉದ್ಯೋಗದಾತರಿಗೆ ತಿಳಿಸಿ



ಪಿಯುಸಿ ಮುಗಿಸಿದ ಮೇಲೆ ನಮ್ಮಲ್ಲಿ ಹಲವರು ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿ.ಸಿ.ಎ. ಸೇರುತ್ತಾರೆ. ಪದವಿ ಕೈಗೆ ಬಂದ ಮೇಲೆ ಕೆಲಸಕ್ಕೆ ಅರ್ಜಿ ಹಾಕುತ್ತಾರೆ. ಸಂದರ್ಶನದಲ್ಲಿ ಮೊದಲು ಕೇಳುವ ಮಾತು ಹೆಚ್ಚಾಗಿ ಒಂದೇ: "ನಿಮ್ಮ ಬಗ್ಗೆ ಹೇಳಿ." ಹೆಸರು, ಊರು, ತಂದೆಯ ಉದ್ಯೋಗ, ಪಡೆದ ಅಂಕ ಇಷ್ಟು ಹೇಳಿ ಹಲವರು ಸುಮ್ಮನಾಗುತ್ತಾರೆ. ಇವೆಲ್ಲ ಅರ್ಜಿಯಲ್ಲೇ ಇರುವ ಸಂಗತಿಗಳು. ಕೇಳಿದವರಿಗೆ ತಿಳಿಯಬೇಕಾದದ್ದು ಬೇರೆ. ನಮ್ಮಲ್ಲಿರುವ ಕೆಲಸವನ್ನು ಇವರು ಮಾಡಬಲ್ಲರೇ ಎಂಬುದು ಅವರ ಪ್ರಶ್ನೆ.

ಅಂಕಪಟ್ಟಿ ನೀವು ಏನು ಓದಿದಿರಿ ಎಂದು ಹೇಳುತ್ತದೆ. ಏನು ಮಾಡಬಲ್ಲಿರಿ ಎಂದು ಹೇಳಬೇಕಾದವರು ನೀವೇ.

ಇಲ್ಲಿ ಒಂದು ಸಂಕೋಚ ಅಡ್ಡ ಬರುತ್ತದೆ. ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವುದು ಜಂಬ ಎಂದು ಹೆಚ್ಚಿನ ಮನೆಗಳಲ್ಲಿ ಕಲಿಸಿರುತ್ತಾರೆ. ಆ ವಿನಯ ಒಳ್ಳೆಯದೇ. ಆದರೆ "ನಾನು ಎಲ್ಲರಿಗಿಂತ ಜಾಣ" ಎನ್ನುವುದು ಜಂಬ, "ನಾನು ಈ ಕೆಲಸ ಮಾಡಿದ್ದೇನೆ, ಇದರಿಂದ ಇಷ್ಟು ಉಪಯೋಗವಾಯಿತು" ಎನ್ನುವುದು ಮಾಹಿತಿ. ಮಾಡಿದ ಕೆಲಸವನ್ನು ಇದ್ದಂತೆಯೇ ಹೇಳಿದರೆ ಸುಳ್ಳೂ ಇಲ್ಲ, ಸೊಕ್ಕೂ ಇಲ್ಲ.

1. ಕೌಶಲ ಎಲ್ಲಿ ಅಡಗಿದೆ?

ಕೌಶಲಗಳನ್ನು ಮೂರು ಬಗೆಯಾಗಿ ನೋಡಬಹುದು. ಮೊದಲನೆಯದು ವಿಷಯಕ್ಕೆ ಸೇರಿದ್ದು: ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು, ಪ್ರಯೋಗಾಲಯದ ಉಪಕರಣ ಬಳಸುವುದು, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದು. ಎರಡನೆಯದು ಯಾವ ಕೆಲಸಕ್ಕೂ ಒಯ್ಯಬಹುದಾದದ್ದು: ಮಾತು, ಬರವಣಿಗೆ, ಲೆಕ್ಕಾಚಾರ, ಜನರನ್ನು ಸೇರಿಸಿ ಕೆಲಸ ಮಾಡಿಸುವುದು. ಮೂರನೆಯದು ನಡವಳಿಕೆ: ಸಮಯಪಾಲನೆ, ಹಣದ ವಿಷಯದಲ್ಲಿ ನಂಬಿಕೆ, ಸಿಟ್ಟಾದ ಗ್ರಾಹಕರ ಎದುರು ತಾಳ್ಮೆ.

ಎರಡನೆಯ ಮತ್ತು ಮೂರನೆಯ ಬಗೆಯವು ತರಗತಿಗಿಂತ ಹೊರಗೆ ಹೆಚ್ಚು ಬೆಳೆಯುತ್ತವೆ. ಆದ್ದರಿಂದಲೇ ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಂಜೆ ತಂದೆಯ ಅಂಗಡಿಯಲ್ಲಿ ಕೂರುವವರು, ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುವವರು, ಮನೆಯಲ್ಲಿ ಹೊಲಿಗೆ ಮಾಡಿ ಅಳತೆ, ದರ, ಗಡುವು ಎಲ್ಲವನ್ನೂ ಸಂಭಾಳಿಸುವವರು, ಎನ್‌ಎಸ್‌ಎಸ್ ಶಿಬಿರದಲ್ಲಿ ಅಡುಗೆಯ ಜವಾಬ್ದಾರಿ ಹೊತ್ತವರು ನಿಮ್ಮಲ್ಲೇ ಇದ್ದೀರಿ. ವಿದ್ಯಾರ್ಥಿನಿಯರು ಮನೆಯ ಕೆಲಸವನ್ನು "ಅದೇನು ಮಹಾ" ಎಂದು ಬಿಟ್ಟುಬಿಡುವುದೇ ಹೆಚ್ಚು. ತಿಂಗಳ ಖರ್ಚನ್ನು ಹಿಡಿತದಲ್ಲಿ ನಡೆಸುವುದೂ ಕೌಶಲವೇ.

ಭಾಷೆಯನ್ನಂತೂ ಮರೆಯಲೇಬಾರದು. ಮನೆಯಲ್ಲಿ ಉರ್ದು, ಬ್ಯಾರಿ ಅಥವಾ ನವಾಯತಿ, ಹೊರಗೆ ಕನ್ನಡ, ಪಾಠದಲ್ಲಿ ಇಂಗ್ಲಿಷ್, ಹೀಗೆ ಮೂರು ಭಾಷೆ ಬಳಸುವುದು ನಿಮಗೆ ಸಹಜ. ಆಸ್ಪತ್ರೆಯ ಸ್ವಾಗತ ಕೌಂಟರ್, ಬ್ಯಾಂಕ್ ಶಾಖೆ, ಗ್ರಾಹಕ ಸೇವಾ ಕೇಂದ್ರಗಳಿಗೆ ಇದು ಬೆಲೆಯುಳ್ಳ ಗುಣ. ಬಯೋಡೇಟಾದಲ್ಲಿ ಭಾಷೆಯ ಹೆಸರಷ್ಟೇ ಬರೆಯಬೇಡಿ. ಮಾತನಾಡಲು, ಓದಲು, ಬರೆಯಲು ಯಾವುದು ಎಷ್ಟು ಬರುತ್ತದೆ ಎಂದು ಬೇರೆ ಬೇರೆಯಾಗಿ ತಿಳಿಸಿ.

2. ಹೇಳುವುದು ಹೇಗೆ?

"ನಾನು ಶ್ರಮಜೀವಿ, ನನ್ನಲ್ಲಿ ನಾಯಕತ್ವ ಗುಣವಿದೆ" ಎಂಬ ವಾಕ್ಯ ನೂರು ಅರ್ಜಿಗಳಲ್ಲಿ ಇರುತ್ತದೆ. ಇದನ್ನು ಯಾರೂ ನಂಬುವುದಿಲ್ಲ, ಏಕೆಂದರೆ ಅದರ ಜೊತೆ ಸಾಕ್ಷಿ ಇಲ್ಲ. ಉತ್ತರವನ್ನು ನಾಲ್ಕು ಹೆಜ್ಜೆಗಳಲ್ಲಿ ಕಟ್ಟಿಕೊಳ್ಳಿ: ಸಂದರ್ಭ ಏನಿತ್ತು, ನಿಮ್ಮ ಹೊಣೆ ಏನು, ನೀವು ಏನು ಮಾಡಿದಿರಿ, ಫಲ ಏನಾಯಿತು.

ಒಂದು ಮಾದರಿ ನೋಡಿ. ಲೆಕ್ಕ ಸಹಾಯಕರ ಹುದ್ದೆಗೆ ಬಂದ ಬಿ.ಕಾಂ. ಪದವೀಧರರೊಬ್ಬರು ಹೀಗೆ ಹೇಳಬಹುದು:

"ನಮ್ಮ ಕಿರಾಣಿ ಅಂಗಡಿಯಲ್ಲಿ ಸುಮಾರು 40 ಮನೆಗಳಿಗೆ ಉದ್ರಿ ಕೊಡುತ್ತಿದ್ದೆವು. ಎಲ್ಲ ಲೆಕ್ಕವೂ ಒಂದೇ ಪುಸ್ತಕದಲ್ಲಿ ಇತ್ತು, ಯಾರ ಬಾಕಿ ಎಷ್ಟು ಎಂದು ಹುಡುಕಲು ಒಂದು ಇಡೀ ದಿನ ಹಿಡಿಯುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ನಾನು ವಹಿಸಿಕೊಂಡೆ. ಎಕ್ಸೆಲ್‌ನಲ್ಲಿ ಮನೆಗೊಂದು ಹಾಳೆ ಮಾಡಿ ಪ್ರತಿ ರಾತ್ರಿ ನಮೂದಿಸಿದೆ. ಈಗ ತಿಂಗಳ ಕೊನೆಗೆ ಎಲ್ಲರ ಬಾಕಿಯೂ ಅರ್ಧ ಗಂಟೆಯಲ್ಲಿ ಸಿಗುತ್ತದೆ."

ಇಲ್ಲಿ "ನಾನು ಪ್ರಾಮಾಣಿಕ, ನನಗೆ ಎಕ್ಸೆಲ್ ಬರುತ್ತದೆ" ಎಂಬ ಮಾತೇ ಇಲ್ಲ. ಆದರೂ ಕೇಳಿದವರಿಗೆ ಎರಡೂ ಅರ್ಥವಾಗುತ್ತದೆ.

3. ಜಾಹೀರಾತನ್ನು ಓದುವುದು

ಒಂದೇ ಬಯೋಡೇಟಾವನ್ನು ಎಲ್ಲ ಕಡೆ ಕಳಿಸಬೇಡಿ. ಜಾಹೀರಾತಿನಲ್ಲಿ ಕೇಳಿರುವ ಕೆಲಸಗಳ ಕೆಳಗೆ ಗೆರೆ ಎಳೆಯಿರಿ. ಪ್ರತಿ ಗೆರೆಗೂ ನಿಮ್ಮ ಅನುಭವದಿಂದ ಒಂದು ಉದಾಹರಣೆ ಹುಡುಕಿ, ಹೊಂದುವುದನ್ನು ಮೇಲೆ ಬರೆಯಿರಿ. ಹೊಂದುವುದು ಏನೂ ಇಲ್ಲದಿದ್ದರೆ ಮುಂದೆ ಏನು ಕಲಿಯಬೇಕು ಎಂಬುದಾದರೂ ಗೊತ್ತಾಗುತ್ತದೆ. ಹೊಸಬರಿಗೆ ಒಂದು ಪುಟ ಸಾಕು. ಬಾರದ ಕೌಶಲವನ್ನು ಎಂದೂ ಬರೆಯಬೇಡಿ. ಕಂಪ್ಯೂಟರ್ ಮುಂದೆ ಕೂರಿಸಿ "ಮಾಡಿ ತೋರಿಸಿ" ಎಂದರೆ ಐದು ನಿಮಿಷದಲ್ಲಿ ಸತ್ಯ ಹೊರಬರುತ್ತದೆ, ಆಮೇಲೆ ನಿಜವಾಗಿ ಬರುವುದನ್ನೂ ಅವರು ನಂಬುವುದಿಲ್ಲ.

4. ಅನುಭವ ಇಲ್ಲದವರಿಗೆ ಬಾಗಿಲುಗಳು

"ಅನುಭವ ಇಲ್ಲದೆ ಕೆಲಸ ಕೊಡುವುದಿಲ್ಲ, ಕೆಲಸ ಇಲ್ಲದೆ ಅನುಭವ ಬರುವುದಿಲ್ಲ" ಎಂಬ ದೂರು ನಿಜ. ಇದಕ್ಕೆ ಒಂದು ದಾರಿ ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯ ನಂತರ ಎಂಜಿನಿಯರಿಂಗ್ ಓದದ ಪದವೀಧರರಿಗೂ ಈ ಅವಕಾಶವಿದೆ. ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬಹುದು. ತರಬೇತಿಯ ಅವಧಿಯಲ್ಲಿ ಸ್ಟೈಪೆಂಡ್ ಸಿಗುತ್ತದೆ, ಮುಗಿದಾಗ ಪ್ರಮಾಣಪತ್ರ ಸಿಗುತ್ತದೆ. 2015ರಲ್ಲಿ ಆರಂಭವಾದ ನ್ಯಾಷನಲ್ ಕೆರಿಯರ್ ಸರ್ವಿಸ್ ಮತ್ತು ನಮ್ಮ ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ಗಳಲ್ಲಿ ಖಾಲಿ ಹುದ್ದೆಗಳ ಮಾಹಿತಿ ದೊರೆಯುತ್ತದೆ.

ರಾಜ್ಯದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಅರ್ಹ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಗರಿಷ್ಠ ಎರಡು ವರ್ಷ ಕೊಡುತ್ತಾರೆ. ಅದನ್ನು ಕೇವಲ ಕೈಖರ್ಚು ಎಂದುಕೊಳ್ಳದೆ ಹೊಸ ಕೌಶಲ ಕಲಿಯಲು ಸಿಕ್ಕ ಕಾಲಾವಕಾಶ ಎಂದು ಬಳಸಿಕೊಂಡವರಿಗೆ ಲಾಭ ಹೆಚ್ಚು.

ಒಂದು ಎಚ್ಚರಿಕೆ: ಕೆಲಸ ಕೊಡಿಸುತ್ತೇವೆ ಎಂದು ಮುಂಗಡ ಹಣ ಅಥವಾ ಒಟಿಪಿ ಕೇಳಿದರೆ ಅಲ್ಲಿಂದ ಹಿಂದೆ ಸರಿಯಿರಿ. ಮನೆಯವರಿಗೂ ತಿಳಿಸಿ.

5. ಶಿಕ್ಷಕರಿಗೆ ಒಂದು ಮಾತು

"ಈ ವಿದ್ಯಾರ್ಥಿಯ ನಡತೆ ಉತ್ತಮ" ಎಂಬ ಪ್ರಮಾಣಪತ್ರ ಎಲ್ಲರಿಗೂ ಸಿಗುತ್ತದೆ. ವಾರ್ಷಿಕೋತ್ಸವದಲ್ಲಿ ಯಾರು ಖರ್ಚಿನ ಲೆಕ್ಕ ಇಟ್ಟರು, ಯಾರು ನಿರೂಪಣೆ ಮಾಡಿದರು ಎಂದು ಹೆಸರು ಹಿಡಿದು ಬರೆದುಕೊಟ್ಟರೆ ಆ ಪತ್ರವೇ ಸಾಕ್ಷಿಯಾಗುತ್ತದೆ.

ಅಭ್ಯಾಸ

ಪದವಿಯ ಕೊನೆಯ ವರ್ಷದವರೆಗೆ ಕಾಯಬೇಡಿ, ಈ ವಾರವೇ ಶುರು ಮಾಡಿ.

(ಅ) ಒಂದು ನೋಟ್‌ಬುಕ್‌ನಲ್ಲಿ ಎರಡು ಕಾಲಂ ಹಾಕಿ. ಎಡಗಡೆ ಕಳೆದ ಒಂದು ವರ್ಷದಲ್ಲಿ ನೀವು ಹೊಣೆ ಹೊತ್ತು ಮಾಡಿದ 10 ಕೆಲಸಗಳು, ಬಲಗಡೆ ಪ್ರತಿ ಕೆಲಸದಿಂದ ಬೆಳೆದ ಕೌಶಲ.

(ಆ) ಅವುಗಳಲ್ಲಿ ಒಂದನ್ನು ನಾಲ್ಕು ಹೆಜ್ಜೆಗಳಲ್ಲಿ ಬರೆದು, ಒಂದೂವರೆ ನಿಮಿಷದಲ್ಲಿ ಗೆಳೆಯರಿಗೆ ಅಥವಾ ಗೆಳತಿಯರಿಗೆ ಹೇಳಿ.

(ಇ) ನಿಮಗೆ ಕಾಣದ ಒಂದು ಕೌಶಲವನ್ನು ಹೇಳುವಂತೆ ಅಮ್ಮಿ, ಅಬ್ಬ ಅಥವಾ ಶಿಕ್ಷಕರನ್ನು ಕೇಳಿ, ಅದನ್ನೂ ಬರೆದುಕೊಳ್ಳಿ.

ಪ್ರತಿ ತಿಂಗಳು ಎರಡು ಸಾಲು ಸೇರಿಸುತ್ತಾ ಹೋದರೆ ಪದವಿ ಮುಗಿಯುವ ಹೊತ್ತಿಗೆ ಆ ನೋಟ್‌ಬುಕ್ ತುಂಬಿರುತ್ತದೆ. "ನಿಮ್ಮ ಬಗ್ಗೆ ಹೇಳಿ" ಎಂದು ಯಾರಾದರೂ ಕೇಳಿದರೆ ಉತ್ತರಕ್ಕೆ ತಡಕಾಡಬೇಕಾಗುವುದಿಲ್ಲ.