ಪಾಯ ತೋಡುವ ಮುಂಚೆ

ತಮ್ಮಾ,

ಮಮದಾಪುರದಲ್ಲಿ ಮನೆ ಕಟ್ಟಲು ಗೌಂಡಿಗೆ ಮುಂಗಡ ಕೊಟ್ಟಿದ್ದೀಯಂತೆ. ಸಂತೋಷ. ಆದರೆ ಪರವಾನಗಿ ‘ಆಮೇಲೆ ತೆಗೆದರಾಯಿತು’ ಅಂದೆಯಂತೆ, ಅದು ಸರಿಬರಲಿಲ್ಲ. ತೀರ್ಮಾನ ನಿನ್ನದೇ, ನಾನು ಎರಡೂ ಕಡೆ ತೂಗಿ ಹೇಳುತ್ತೇನೆ. ನಮ್ಮ ತಲೆಮಾರಿನವರು ಯಾರನ್ನೂ ಕೇಳದೆ ಕಟ್ಟಿದ್ದು ನಿಜ. ಊರ ಗಾಂವಠಾಣದೊಳಗೆ ಹಿರಿಯರ ಜಾಗ, ಮೊಳ ದಪ್ಪದ ಕಲ್ಲು-ಮಣ್ಣಿನ ಗೋಡೆ, ತೊಲೆ-ಜಂತಿ ಹಾಕಿ ಮಣ್ಣು ಮುಚ್ಚಿದ ಮಾಳಿಗೆ. ಕೆಡುವ ಮುಂಚೆ ತೊಲೆ ಬಾಗುತ್ತಿತ್ತು, ಮಣ್ಣು ಉದುರುತ್ತಿತ್ತು, ಮನೆಯವರಿಗೆ ಮೊದಲೇ ತಿಳಿಯುತ್ತಿತ್ತು. ಸಾಲಕ್ಕೆ ಕಾಗದ ಕೇಳುವ ಬ್ಯಾಂಕೂ ಇರಲಿಲ್ಲ. ನಿನ್ನದು ಹಾಗಲ್ಲ. ಹೊಲದಂಚಿನ ಎರೆಮಣ್ಣಿನಲ್ಲಿ ಕಾಲಂ ಎಬ್ಬಿಸಿ ಎರಡು ಸ್ಲ್ಯಾಬ್ ಹಾಕುವವನು ನೀನು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕಾಲಂನ ಕಬ್ಬಿಣದ ರಿಂಗು ದೂರದೂರ ಕಟ್ಟಿದ್ದರೂ ಕಾಂಕ್ರೀಟ್ ಬಿದ್ದ ಮೇಲೆ ಯಾರಿಗೂ ಕಾಣದು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕುಸಿದು 19 ಜನ ಸತ್ತರು.

‘ಊರಲ್ಲಿ ಯಾರು ಪರವಾನಗಿ ತೆಗೆದಿದ್ದಾರೆ?’ ಅನ್ನುತ್ತೀ. ಓದಿದವನ ಬಾಯಲ್ಲಿ ಬರುವ ಮಾತೇ ಇದು? 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಪ್ರಕಾರ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಪಹಣಿ ಉತಾರದಲ್ಲಿ ಇನ್ನೂ ಹೊಲವೆಂದೇ ಇದ್ದರೆ ಅದಕ್ಕೂ ಮೊದಲು ಕೃಷಿಯೇತರ ಪರಿವರ್ತನೆ, ಅಂದರೆ ಎನ್‌ಎ ಆಗಬೇಕು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅದಕ್ಕೇ ಇದೆ. ಇ-ಸ್ವತ್ತಿನ ನಮೂನೆ 9, 11 ಮತ್ತು ಮಂಜೂರಾದ ನಕ್ಷೆ ಕೈಯಲ್ಲಿಲ್ಲದೆ ಬ್ಯಾಂಕಿನ ಬಾಗಿಲು ತಟ್ಟಿ ಫಲವಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ಕರೆಂಟು-ನೀರು ಕೊಡಿ ಎಂದ ಮೇಲೆ, ರಾಜ್ಯದಲ್ಲಿ ಎಷ್ಟೋ ಹೊಸ ಮನೆಗಳು ಮೀಟರಿಗಾಗಿ ಕಾದು ಕೂತವು. ಸಣ್ಣ ಮನೆಗಳಿಗೆ ಸಡಿಲಿಕೆ ಆಮೇಲೆ ಬಂತು, ನಿಜ; ಆದರೆ ಸಡಿಲಿಕೆ ನಂಬಿ ಮನೆ ಕಟ್ಟುತ್ತಾರೆಯೇ?

ಪರವಾನಗಿ ಸಿಕ್ಕರೂ ನೋಡಲು ಯಾರು ಬರುತ್ತಾರೆ ಎಂಬ ನಿನ್ನ ಇನ್ನೊಂದು ಮಾತನ್ನು ಒಪ್ಪುತ್ತೇನೆ. ಆದರೆ 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿ ಕಡೆ ಮನೆಗಳು ಬಿದ್ದಾಗ ಪೂರ್ಣ ಹಾಳಾದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತು. ಹಣ ಬಂದದ್ದು ಕಂತುಕಂತಾಗಿ. ಪಾಯ, ಗೋಡೆ, ಛಾವಣಿ ಎಂದು ಹಂತಹಂತದ ಫೋಟೋ ಏರಿಸಿದ ಮೇಲೆಯೇ ಮುಂದಿನ ಕಂತು. ಸರ್ಕಾರದ 5 ಲಕ್ಷಕ್ಕೆ ಇಷ್ಟು ಕಾವಲು. ನಿನ್ನ ಸ್ವಂತ ಲಕ್ಷಗಳಿಗೆ ಯಾರ ಕಾವಲೂ ಇಲ್ಲ, ಅದನ್ನು ನೀನೇ ಇಡಬೇಕು. ಪಾಯದ ಗುಂಡಿ ತೋಡಿದಾಗ ಒಮ್ಮೆ, ಸ್ಲ್ಯಾಬಿನ ಕಬ್ಬಿಣ ಕಟ್ಟಿದಾಗ ಒಮ್ಮೆ ಗೋಕಾಕದಿಂದ ಎಂಜಿನಿಯರನ್ನು ಕರೆಸು. ಗೌಂಡಿಗೆ ಬೇಸರವಾದೀತು, ಆಗಲಿ.

ಬಿರುಸಾಗಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅರ್ಜಿ ಕೊಟ್ಟು ಸ್ವೀಕೃತಿ ಚೀಟಿ ಇಸಿದುಕೋ. ತಡವಾದರೆ ಗೌಂಡಿಗೆ ನಾನೇ ಹೇಳುತ್ತೇನೆ, ಮುಂಗಡ ಎಲ್ಲಿಗೂ ಹೋಗುವುದಿಲ್ಲ. ಮೊದಲು ಉತಾರ, ನಕ್ಷೆ ಎರಡೂ ಕಳಿಸು, ನೋಡುತ್ತೇನೆ.